ಹನ್ನೆರಡೂವರೆಯ ಮಾರ್ಟಿನಿ

ನನಗೆ ಮಾರ್ಟಿನಿ ಮಾಡಲು ಬರುತ್ತದೆ. ಸುಮ್ಮನೆ ಬರುವುದಲ್ಲ, ಚೆನ್ನಾಗಿಯೇ ಬರುತ್ತದೆ. ಇದನ್ನು ಹೇಳಿದರೆ ನನ್ನ ವಯಸ್ಸಿನ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದು ನಗುತ್ತಾರೆ, ಗಂಡಸರು ಮಾತನ್ನು ಬೇರೆ ಕಡೆ ತಿರುಗಿಸುತ್ತಾರೆ. ನಗಲಿ ಬಿಡಿ. ರಾಗಿ ಹಿಟ್ಟು ತೊಳಸುವುದನ್ನು ಅಮ್ಮ ಕಲಿಸಿದಳು, ಮಾರ್ಟಿನಿ ತೊಳಸುವುದನ್ನು ಮಾವ ಕಲಿಸಿದರು. ಎರಡಕ್ಕೂ ಬೇಕಾದದ್ದು ಕೈಯಲ್ಲಿ ಹದ. ಬಂಗಾರಪೇಟೆ ಹತ್ತಿರದ ಕೋರಮಂಡಲ್‌ನಲ್ಲಿ ಚಿನ್ನದ ಗಣಿ ಕಂಪನಿಯವರು ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಗಳಲ್ಲಿ ಒಂದು ನಮ್ಮದು. ಎರಡು ಕೋಣೆ, ತಗಡಿನ ಸೂರು. ಅಲ್ಲಿ ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ ನಾನು ಮಾರ್ಟಿನಿ ಮಾಡುತ್ತಿದ್ದೆ. ಹಬ್ಬ ಅಂತಿಲ್ಲ, ಜ್ವರ ಅಂತಿಲ್ಲ, ಮುಟ್ಟು ಅಂತಿಲ್ಲ.

ನಾನು ಕ್ಯಾಸಂಬಳ್ಳಿ ಕಡೆಯ ರೈತರ ಮನೆಯವಳು. ಹೆಂಡದಂಗಡಿ ಇರುವ ಬೀದಿಯಲ್ಲಿ ನಡೆಯುವುದೂ ನಮ್ಮಪ್ಪನಿಗೆ ಪಾಪ. ನಾನು ಬಂಗಾರಪೇಟೆಯಲ್ಲಿ ಪಿಯುಸಿ ಓದಿದೆ. ಟೆಲಿಫೋನ್ ಆಪರೇಟರ್ ಕೆಲಸದ ಪರೀಕ್ಷೆ ಬರೆದು, ಇಂಟರ್‌ವ್ಯೂಗೂ ಹೋಗಿ ಬಂದೆ. ವೇಟಿಂಗ್ ಲಿಸ್ಟಿನಲ್ಲಿದ್ದೀಯ, ಕರೆಯುತ್ತೇವೆ ಅಂದರು. ಅವರು ಕರೆಯುವಷ್ಟರಲ್ಲಿ ಮನೆಯವರು ಮದುವೆ ಮಾಡಿ ಮುಗಿಸಿದರು. ಹುಡುಗ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್, ಅತ್ತೆ ತೀರಿಕೊಂಡಿದ್ದಾರೆ, ಇರುವವರು ಮಾವ ಒಬ್ಬರೇ, ಅವರು ಕ್ಲಬ್ಬಿನಲ್ಲಿದ್ದರು ಎಂದು ಮಾತುಕತೆಯಲ್ಲಿ ಹೇಳಿದ್ದರು. ಕ್ಲಬ್ಬು ಎಂದರೆ ಏನು ಎಂದು ನಮ್ಮಪ್ಪ ಕೇಳಲೇ ಇಲ್ಲ. ಅದೂ ಒಂದು ಆಫೀಸಿರಬೇಕು ಎಂದುಕೊಂಡ ಪುಣ್ಯಾತ್ಮ.

ಅದು ಗಣಿಯ ಸಾಹೇಬರು ಕುಡಿಯುವ ಕ್ಲಬ್ಬು. ಮಾವ ಅಲ್ಲಿ ಬಾರ್ ಹಿಂದೆ ಮೂವತ್ತೊಂದು ವರ್ಷ ನಿಂತಿದ್ದವರು. ಮೊದಲು ಬಿಳಿಯರಿಗೆ, ಆಮೇಲೆ ನಮ್ಮವರೇ ಆದ ಸಾಹೇಬರಿಗೆ ಬೆರೆಸಿ ಕೊಟ್ಟವರು. ಕೆಲಸದವರು ಒಂದು ಹನಿ ನಾಲಿಗೆಗೆ ತಾಗಿಸಿದರೂ ಅವತ್ತೇ ಮನೆಗೆ ಎಂಬುದು ಅಲ್ಲಿಯ ಕಟ್ಟಳೆ. ಮಾವ ಕಣ್ಣಲ್ಲಿ ನೋಡಿ, ಮೂಗಲ್ಲಿ ಹಿಡಿದು ಕಲಿತರಂತೆ. ನಾನು ಸೊಸೆಯಾಗಿ ಬಂದ ವರ್ಷವೇ ಅವರು ನಿವೃತ್ತರಾದರು. ಕ್ಲಬ್ಬಿನವರು ಒಂದು ಕಾಲಿರುವ ಗ್ಲಾಸು, ಒಂದು ಗಾಜಿನ ಜಗ್ಗು, ಒಂದು ಉದ್ದ ಹಿಡಿಯ ಚಮಚ ಕೊಟ್ಟು ಹಾರ ಹಾಕಿ ಕಳಿಸಿದರು. ಹಳೆಯ ವಿಶ್ವಾಸಕ್ಕೆ ಜಿನ್ ಬಾಟಲಿಗಳನ್ನೂ ಆಗಾಗ ಕಳಿಸುತ್ತಿದ್ದರು. ಮಾರನೆಯ ದಿನದಿಂದಲೇ ಮಾವ ಮಧ್ಯಾಹ್ನ ಊಟಕ್ಕೆ ಮುಂಚೆ ತಮಗಾಗಿ ಒಂದು ಮಾರ್ಟಿನಿ ಮಾಡಿಕೊಂಡು, ಕುರ್ಚಿಯಲ್ಲಿ ಕೂತು, ಅರ್ಧ ಗಂಟೆ ಕುಡಿಯತೊಡಗಿದರು. ಒಂದೇ ಒಂದು. ಎರಡನೆಯದನ್ನು ಯಾವತ್ತೂ ಕೇಳಿದವರಲ್ಲ.

ನಾನು ಮುಖ ಸಿಂಡರಿಸಿದ್ದು ಅವರಿಗೆ ಕಂಡಿರಬೇಕು.

"ಮೂವತ್ತೊಂದು ವರ್ಸ ನಿಂತ್ಕಂಡೇ ಇದ್ದೆ ಕಣಮ್ಮ. ಈಗ ಕುಂತ್ಕಂಡು ಕುಡೀತೀನಿ. ನಿಂಗೇನಾರ ನಾಚ್ಕೆ ಆಯ್ತದಾ?" ಎಂದರು.

 ನಾನು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ.

ಐದು ತಿಂಗಳು ಕಳೆದಿತ್ತು ಅಷ್ಟೆ. ಒಂದು ಬೆಳಿಗ್ಗೆ ಮಾವ ಮಂಚದಿಂದ ಏಳುವಾಗ ಬಿದ್ದರು. ಲಕ್ವ. ಬಾಯಿ ಸ್ವಲ್ಪ ವಾರೆಯಾಯಿತು, ಬಲಗೈ ತೊಡೆಯ ಮೇಲೆ ಕೂತದ್ದು ಮತ್ತೆ ಏಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಡೆದಾಡಿದರು, ಮಾತಾಡಿದರು, ಎಡಗೈಯಲ್ಲಿ ಮುದ್ದೆ ಮುರಿದರು. ಆದರೆ ಒಂದು ಮಧ್ಯಾಹ್ನ ಎಡಗೈಯಲ್ಲಿ ಜಗ್ಗು ಹಿಡಿಯಲು ಹೋಗಿ, ಜಿನ್ನೆಲ್ಲ ಪಂಚೆಯ ಮೇಲೆ ಚೆಲ್ಲಿಕೊಂಡು, ಗೋಡೆ ಕಡೆ ತಿರುಗಿ ಕೂತುಬಿಟ್ಟರು. ಭುಜ ಕುಣಿಯುತ್ತಿತ್ತು.  "ಹೆಂಗೆ ಮಾಡ್ಬೇಕು ಹೇಳಿ ಮಾವ, ನಾ ಮಾಡ್ತೀನಿ" ಎಂದುಬಿಟ್ಟೆ. ಬಾಯಿ ಇದ್ದದ್ದಕ್ಕೆ ಬಂದ ಗ್ರಹಚಾರ ಅದು. ಯಾರೂ ಕೇಳಿರಲಿಲ್ಲ, ನಾನೇ ಹೋಗಿ ತಲೆ ಕೊಟ್ಟೆ.

ಜಿನ್ನಿಗೆ ವರ್ಮತ್ ಎನ್ನುವ, ಗಿಡಮೂಲಿಕೆ ಹಾಕಿದ ದ್ರಾಕ್ಷಿಯ ಮದ್ಯವನ್ನು ಸೋಕಿಸಿ, ಐಸಿನಲ್ಲಿ ತೊಳಸಿ, ಸೋಸಿ, ಕಾಲಿರುವ ಗ್ಲಾಸಿಗೆ ಹುಯ್ದು, ಒಂದು ಉಪ್ಪು ಕಾಯಿ ಮುಳುಗಿಸಿದರೆ ಮಾರ್ಟಿನಿ. ಹೇಳುವುದಕ್ಕೆ ಇಷ್ಟೇ. ಮಾಡುವಾಗ ಮಾವ ಪ್ರಾಣ ತಿಂದರು. ಐಸು ಬಂಗಾರಪೇಟೆ ಫ್ಯಾಕ್ಟರಿಯಿಂದ ಗೋಣಿಯಲ್ಲಿ ಸುತ್ತಿಕೊಂಡು ನಮ್ಮ ಬಜಾರಿನ ಸೋಡಾ ಅಂಗಡಿಗೆ ಬರುತ್ತಿತ್ತು. ಅದನ್ನು ನಾನು ಬಕೆಟ್ಟಿನಲ್ಲಿ ಭತ್ತದ ಹೊಟ್ಟು ತುಂಬಿ, ಅದರೊಳಗೆ ಹೂತು ತರಬೇಕು. ತಂದು ಹೊಟ್ಟು ಹೋಗುವ ಹಾಗೆ ತೊಳೆಯಬೇಕು, ಬಟ್ಟೆಯಲ್ಲಿ ಒರೆಸಬೇಕು. ಒದ್ದೆ ಐಸು ಹಾಕಿದರೆ ಮದ್ಯ ನೀರಾಗುತ್ತದೆ. ಗ್ಲಾಸನ್ನು ಮೊದಲೇ ಐಸಿನಲ್ಲಿ ಮಲಗಿಸಿ ತಣ್ಣಗೆ ಮಾಡಿಡಬೇಕು. ಬಾಟಲಿಯನ್ನು ಒದ್ದೆ ಮರಳಿನ ಮಡಕೆಯಲ್ಲಿ ಹೂಳಬೇಕು. ವರ್ಮತ್ ಒಂದು ಮುಚ್ಚಳದಷ್ಟು ಜಗ್ಗಿನ ಐಸಿಗೆ ಹಾಕಿ, ಆಡಿಸಿ, ಚೆಲ್ಲಿಬಿಡಬೇಕು. ಐಸಿಗೆ ಅಂಟಿದ್ದೇ ಸಾಕು. ಆಮೇಲೆ ಜಿನ್. ಆಮೇಲೆ ತೊಳಸುವುದು, ನಲವತ್ತು ಸುತ್ತು, ಚಮಚದ ಬೆನ್ನು ಜಗ್ಗಿನ ಗೋಡೆಗೆ ತಾಗಿಕೊಂಡೇ ಹೋಗಬೇಕು.

"ಐಸು ಮಾತಾಡ್ಬಾರ್ದು" ಎನ್ನುವರು. ಟಣ್ ಎಂದು ಸದ್ದು ಬಂದರೆ, "ಊಂ, ಎಮ್ಮೆ ಗಂಟೆ ಕಟ್ದಂಗೈತೆ. ಇನ್ನೊಂದು ಕಿತ ಮಾಡು."

ನಾನು ಗ್ಲಾಸು ತುಂಬ ಹುಯ್ದರೆ, "ತುಂಬ್ಸೋದು ಕೊಡಪಾನಕ್ಕೆ ಕಣಮ್ಮ, ಅಂಚಿಗಿಂತ ಒಂದ್ ಬೆರಳಷ್ಟು ಕೆಳ್ಗಿರ್ಲಿ." ಗ್ಲಾಸಿನ ಹೊಟ್ಟೆ ಹಿಡಿದರೆ ಕೈಬಿಸಿ ತಾಗುತ್ತದೆ, ಕಾಲು ಹಿಡಿಯಬೇಕು. ಬಲಗಡೆಯಿಂದ ಇಡಬೇಕು. ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಕುಡಿದು ಮುಗಿಯುವವರೆಗೂ ನಿಂತಿರಬೇಕು. ಕುಡಿಯುವವರು ಮೊದಲ ಗುಟುಕು ಎತ್ತುವಾಗ ಅವರ ಮುಖ ನೋಡಬಾರದು. "ನೋಡಿದ್ರೆ ಎಂಗಾಯ್ತು ಅಂತ ಕೇಳ್ದಂಗಾಯ್ತದೆ. ಚೆನ್ನಾಗಿ ಮಾಡಿದ್ರೆ ಯಾಕೆ ಕೇಳ್ಬೇಕು?" ಎನ್ನುವರು.

ಇನ್ನು ಆ ಕಾಯಿಯ ಕಥೆ. ಅದಕ್ಕೆ ಆಲಿವ್ ಎಂಬ ಹಸಿರು ಕಾಯಿ ಹಾಕಬೇಕಂತೆ. ಬಿಳಿಯರು ಹೋದ ಮೇಲೆ ಕ್ಲಬ್ಬಿಗೆ ಆಲಿವ್ ಬರುವುದು ನಿಂತಿತು. ಮಾವ ಏನು ಮಾಡಿದರು ಗೊತ್ತೇ? ನಮ್ಮ ಕಡೆಯ ಕುರುಚಲು ಗುಡ್ಡಗಳಲ್ಲಿ ಮುಳ್ಳುಗಿಡದಲ್ಲಿ ಬಿಡುವ ಕವಳೆಕಾಯಿಯನ್ನು ಎಳಸಾಗಿರುವಾಗಲೇ ಕೀಳಿಸಿ, ಉಪ್ಪು ನೀರಿನಲ್ಲಿ ಹಾಕಿ, ಹಳೆಯ ಆಲಿವ್ ಸೀಸೆಗೆ ತುಂಬಿಟ್ಟರು. ಸಾಹೇಬರೆಲ್ಲ ವರ್ಷಗಟ್ಟಲೆ ಅದನ್ನೇ ಚೀಪಿ, ಫಾರಿನ್ ಮಾಲು ಎಂದರೆ ಫಾರಿನ್ ಮಾಲೇ ಎಂದು ತಲೆದೂಗಿದರಂತೆ. ಇದನ್ನು ಹೇಳುವಾಗ ಮಾವನ ವಾರೆ ಬಾಯಲ್ಲಿ ನಗು ನಿಲ್ಲುತ್ತಿರಲಿಲ್ಲ. ನಾನು ಬಂದ ಮೇಲೆ ಕವಳೆಕಾಯಿ ನನ್ನ ತವರಿನಿಂದ ಬರತೊಡಗಿತು. ಅಮ್ಮ ಮುಂಗಾರು ಶುರುವಿನಲ್ಲಿ ಕೀಳಿಸಿ ಭರಣಿಗೆ ಹಾಕಿಡುವಳು. ಬೀಗರಿಗೆ ಉಪ್ಪಿನಕಾಯಿ ಅಂದರೆ ಅಷ್ಟೊಂದು ಇಷ್ಟ ಎಂದು ಅವಳಿಗೆ ಸಂತೋಷ.

ಸುಳ್ಳು ಯಾಕೆ ಹೇಳಲಿ, ನನಗೂ ಅದು ಹಿಡಿಸಿತು. ಕುಡಿಯುವುದಲ್ಲ, ಮಾಡುವುದು. ಮೂರು ತಿಂಗಳಾಗುವಷ್ಟರಲ್ಲಿ ನನ್ನ ಕೈಯಲ್ಲಿ ಐಸು ಸದ್ದು ಮಾಡುವುದನ್ನು ಬಿಟ್ಟಿತು. ಗ್ಲಾಸಿನ ಹೊರಗೆ ಮಂಜು ಕಟ್ಟುವುದು, ಒಳಗೆ ನೀರಿಗಿಂತ ತಿಳಿಯಾದ ನೀರು, ತಳದಲ್ಲಿ ಒಂದು ಹಸಿರು ಕಾಯಿ. ಸೆಗಣಿ, ಸೀಮೆಎಣ್ಣೆ, ಸಾರಿನ ಒಗ್ಗರಣೆ ಇವುಗಳ ನಡುವೆ ನನ್ನ ದಿನದಲ್ಲಿ ಅಷ್ಟು ಚೊಕ್ಕವಾದ ಇನ್ನೊಂದು ವಸ್ತು ಇರಲಿಲ್ಲ. ಗಣಿಯೊಳಗೆ ಬಂಡೆ ಸಿಡಿದು ಮನೆಯೆಲ್ಲ ನಡುಗಿದಾಗಲೂ ನಾನು ಒಂದು ತೊಟ್ಟು ಚೆಲ್ಲದೆ ತಂದಿಟ್ಟಿದ್ದೇನೆ. ಮಾವ ತಲೆಯಾಡಿಸಿದರು. ಆ ತಲೆಯಾಟಕ್ಕೆ ನಾನು ನಾಯಿಯ ಹಾಗೆ ಕಾಯುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಒಂದು ಸಲ ಹಳೆಯ ಸಾಹೇಬರೊಬ್ಬರು ಮಾವನನ್ನು ನೋಡಲು ಬಂದರು. ಹನ್ನೆರಡೂವರೆಯ ಹೊತ್ತು. ಇದ್ದ ಒಂದೇ ಗ್ಲಾಸಿನಲ್ಲಿ ಅವರಿಗೆ ಮಾಡಿಕೊಟ್ಟೆ. ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಸಾಹೇಬರು ಕುಡಿದು, "ಆಹಾ, ಅದೇ ಕೈ! ಯಾರು ಮಾಡಿದ್ದು?" ಎಂದರು. ಮಾವ ಬಲಗೈಯನ್ನು ಟವೆಲ್ ಕೆಳಗೆ ಮುಚ್ಚಿಕೊಂಡು, "ನಾನೇ ಸಾರ್" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸೌಟನ್ನು ಎತ್ತಿ ಮೂಲೆಗೆ ಎಸೆದೆ. ಸಾಹೇಬರು ಹೋದ ಮೇಲೆ ಮಾವ ನನ್ನ ಮುಖ ನೋಡಲಿಲ್ಲ, ನಾನೂ ಎರಡು ದಿನ ಮಾತಾಡಲಿಲ್ಲ. ಆದರೆ ಎರಡೂ ದಿನ ಹನ್ನೆರಡೂವರೆಗೆ ಗ್ಲಾಸು ಇಟ್ಟೆ.

ಇಷ್ಟರಲ್ಲಿ ಮದುವೆಯಾಗಿ ಎರಡೂವರೆ ವರ್ಷ ಕಳೆದಿತ್ತು. ಮಕ್ಕಳಾಗಿರಲಿಲ್ಲ. ಒಂದು ದಿನ ಅಮ್ಮ ಕವಳೆಕಾಯಿಯ ಭರಣಿ ಹೊತ್ತುಕೊಂಡು ಬಂದಳು. ಸೊಂಟದ ಚೀಲದಿಂದ ಮಡಿಸಿದ ಒಂದು ಲಕೋಟೆ ತೆಗೆದಳು. "ಟಪಾಲಿನೋನು ಕೊಟ್ಟೋಗಿ ನಾಕೈದು ದಿನ ಆಯ್ತು ಕಣೇ, ಏನೋ ಸರ್ಕಾರದ್ದು" ಎಂದಳು. ಒಡೆದು ನೋಡಿದರೆ ನನ್ನ ಕೆಲಸದ ಆರ್ಡರು! ಬಂಗಾರಪೇಟೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಇಂಥ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಬಂದು ಸೇರಿಕೊಳ್ಳತಕ್ಕದ್ದು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಎಣಿಸಿದೆ. ಇನ್ನು ಹತ್ತು ದಿನ. ಕಾಲು ನೆಲದ ಮೇಲೆ ನಿಲ್ಲಲಿಲ್ಲ ನನಗೆ. ಕೋರಮಂಡಲ್ ಸ್ಟೇಷನ್ನಿನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಬಂಗಾರಪೇಟೆ ಎಷ್ಟು ದೂರ? ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಬೋರ್ಡಿನ ಮುಂದೆ ಕೂತು, ನಂಬರ್ ಪ್ಲೀಸ್ ಎನ್ನುವುದು. ಕೂತು ಮಾಡುವ ಕೆಲಸ. ನನ್ನ ಕೈಗೇ ಸಂಬಳ. ನನ್ನ ಹೆಸರಿಗೇ ಕಾಗದ.

ಸಂಜೆ ಗಂಡನಿಗೆ ತೋರಿಸಿದೆ. ಅವರು ಓದಿ, ತಿರುಗಿಸಿ ನೋಡಿ, "ನಂಗೇನೂ ಇಲ್ಲ ಕಣೇ. ಅಪ್ಪನ್ನ ಒಂದು ಮಾತು ಕೇಳು" ಎಂದರು. ನನ್ನ ಗಂಡ ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಅಂಥವರ ಜೊತೆ ಜಗಳವಾಡಲೂ ಆಗುವುದಿಲ್ಲ.

ಮಾವನ ಮುಂದೆ ಕಾಗದ ಹಿಡಿದು ನಿಂತೆ. ಅವರು ಓದಲಿಲ್ಲ. 

"ಡೂಟಿ ಎಷ್ಟೊತ್ತಿಂದ ಎಷ್ಟೊತ್ತಿಗೆ?"

"ಬೆಳಿಗ್ಗೆಯಿಂದ ಸಾಯಂಕಾಲ ಮಾವ. ಅಡ್ಗೆ ಮಾಡಿ ಮುಚ್ಚಿಟ್ಟೇ ಓಯ್ತೀನಿ."

"ಮಧ್ಯಾನದ್ದು ಯಾರು ಮಾಡ್ತಾರೆ?"

ಅಷ್ಟೇ ಕೇಳಿದ್ದು. ಬೇಡ ಎನ್ನಲಿಲ್ಲ, ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ನನ್ನ ಬಾಯಿ ಏನು ಕಮ್ಮಿಯದಲ್ಲ.  ಪಕ್ಕದ ಮನೆಯ ತಮಿಳು ಅಕ್ಕನನ್ನು, ಕಲಿಸಿಕೊಡುತ್ತೇನೆ, ಮಧ್ಯಾಹ್ನ ನೀನು ಬಂದು ಮಾಡಿಕೊಡು ಎಂದು ಕೇಳಿದೆ. ಅವಳು ಎರಡು ಕಿವಿ ಮುಚ್ಚಿಕೊಂಡು "ಅಯ್ಯೋ ಸಾಮಿ" ಎಂದು ಒಳಗೋಡಿದಳು. ಅವಳ ಗಂಡ ಕುಡಿದೇ ಸತ್ತಿದ್ದ. ನನ್ನ ಗಂಡ ಹಗಲೆಲ್ಲ ವರ್ಕ್‌ಶಾಪಿನಲ್ಲಿ. ಬೆಳಿಗ್ಗೆಯೇ ಮಾಡಿಟ್ಟುಹೋದರೆ ಅದು ಮಾರ್ಟಿನಿಯಲ್ಲ, ಔಷಧಿ. ದಿನಗಳು ಕಳೆಯುತ್ತಿದ್ದವು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಗಿತ್ತು ನನ್ನ ಪಾಡು.

ಐದು ದಿನ ಉಳಿದಾಗ ನನ್ನ ತಲೆಗೆ ಒಂದು ಕೆಟ್ಟ ಬುದ್ಧಿ ಬಂತು. ನಾನು ಮಾಡಿದ್ದು ಕೆಟ್ಟರೆ ಅವರಿಗೆ ನಾನು ಬೇಡವಾಗುತ್ತೇನಲ್ಲ! ಅವತ್ತು ಗ್ಲಾಸನ್ನು ತಣ್ಣಗೆ ಮಾಡಲಿಲ್ಲ. ವರ್ಮತ್ತನ್ನು ಚೆಲ್ಲದೆ ಹಾಗೇ ಬಿಟ್ಟೆ. ಕವಳೆಕಾಯಿಯ ಉಪ್ಪು ನೀರನ್ನೂ ಎರಡು ಚಮಚ ಸುರಿದೆ.  ಉಣ್ಣುವ ಅನ್ನಕ್ಕೆ ಮಣ್ಣು ಹಾಕಿದಷ್ಟು ಅಸಹ್ಯವಾಯಿತು. ಮಾವ ಕುಡಿದರು. ಅರ್ಧ ಗಂಟೆ, ಎಂದಿನ ಹಾಗೆ. "ಚೆನ್ನಾಗೈತೆ" ಎಂದರು.

ನನಗೆ ದಿಕ್ಕೇ ತೋಚಲಿಲ್ಲ. ಮಾರನೆಯ ದಿನ ಇನ್ನೂ ಕೆಡಿಸಿದೆ. ಆ ದಿನವೂ ಚೆನ್ನಾಗೈತೆ. ಮೂರನೆಯ ದಿನ ಸಿಟ್ಟು ನೆತ್ತಿಗೇರಿ, ಬಾಟಲಿಯನ್ನು ಮುಟ್ಟಲೇ ಇಲ್ಲ. ನಲ್ಲಿ ನೀರನ್ನು ಐಸಿನಲ್ಲಿ ನಲವತ್ತು ಸುತ್ತು ತೊಳಸಿ, ಒಂದು ಕಾಯಿ ಹಾಕಿ, ಬಲಗಡೆಯಿಂದ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದೆ. ಈ ಸಲ ಮುಖ ನೋಡಿದೆ. ಅವರು ಗುಟುಕರಿಸಿದರು. ಕಣ್ಣು ಮುಚ್ಚಿ ನುಂಗಿದರು. ಚೆನ್ನಾಗೈತೆ ಎಂದರು. ನಾಲ್ಕನೆಯ ದಿನವೂ ನೀರು. ನಾಲ್ಕನೆಯ ದಿನವೂ ಅದೇ ಮಾತು.

ಆಗ ಅರ್ಥವಾಯಿತು. ಲಕ್ವ ಹೊಡೆದಾಗ ಅವರ ನಾಲಿಗೆ, ಮೂಗು ಎರಡೂ ಹೋಗಿದ್ದವು. ಎರಡು ವರ್ಷದಿಂದ ನಾನು ಐಸು ಹೊತ್ತದ್ದು, ಒರೆಸಿದ್ದು, ಎಣಿಸಿದ್ದು, ಬೈಸಿಕೊಂಡದ್ದು ಎಲ್ಲ ರುಚಿಯೇ ತಿಳಿಯದ ಬಾಯಿಗೆ! ಇದಕ್ಕಾಗಿ ನನ್ನ ಕೆಲಸ ಹೋಗಬೇಕೇ? ಗುರುವಾರ ಮಧ್ಯಾಹ್ನ, ಕೊನೆಯ ದಿನದ ಹಿಂದಿನ ದಿನ, ಮೂರನೆಯ ಗ್ಲಾಸು ನೀರನ್ನು ಅವರ ಮುಂದೆ ಕುಕ್ಕಿದೆ. ಅವರು ಚೆನ್ನಾಗೈತೆ ಎನ್ನುವುದಕ್ಕೇ ಕಾದು, ಅಂದುಬಿಟ್ಟೆ.

"ಏನ್ ಚೆನ್ನಾಗೈತೆ ಮಾವ? ಮೂರು ದಿನದಿಂದ ನಿಮ್ಗೆ ಬರೀ ನಲ್ಲಿ ನೀರು ಕೊಡ್ತಾ ಇವ್ನಿ. ನಿಮ್ಗೆ ರುಚೀನೂ ಇಲ್ಲ, ವಾಸ್ನೇನೂ ಇಲ್ಲ. ಇಲ್ದಿರೋದಕ್ಕೆ ನನ್ನ ಯಾಕ್ ಕಟ್ಟಾಕ್ಕಂಡಿದ್ದೀರಾ?"

ನನ್ನ ಧ್ವನಿ ಬೀದಿಗೆ ಕೇಳಿಸಿರಬೇಕು. ಮಾವ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟರು.

"ಗೊತ್ತು ಕಣಮ್ಮ."

"ಏನ್ ಗೊತ್ತು?"

"ನೀರು ಅಂತ. ಮೊದಲ್ನೇ ದಿನಾನೇ ಗೊತ್ತಾಯ್ತು. ಜಿನ್ನು ಆದ್ರೆ ಐಸಿನ ನೀರಾಗೆ ಎಳೆ ಎಳೆ ಆಡ್ತದೆ, ಗ್ಲಾಸ್ ಬಗ್ಗಿಸಿದ್ರೆ ಗೋಡೆ ಮೇಲೆ ಇಳೀತದೆ. ಅದ್ ನೋಡೇ ಅಲ್ವಾ ನಾನು ಬದುಕಿದ್ದು?" ಗ್ಲಾಸನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. "ರುಚಿ, ವಾಸ್ನೆ ಓಗಿ ಎರಡು ವರ್ಸ ಆಯ್ತು. ಗಂಟ್ಲಾಗೆ ಉರಿ ಒಂದೈತೆ. ನೀನು ಅದ್ನೂ ತೆಗೆದ್ಬುಟ್ಟೆ."

ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಮತ್ತೆ ಯಾಕೆ ಹೇಳ್ಲಿಲ್ಲ ಮಾವ?"

"ಏಳಿದ್ರೆ ನೀನು ಜಗಳ ಮಾಡ್ತಿದ್ದೆ, ಓಗ್ಬುಡ್ತಿದ್ದೆ. ಚೆನ್ನಾಗೈತೆ ಅಂದ್ರೆ ನಾಳಿಕ್ಕೂ ಬತ್ತೀಯ. ಅರ್ಧ ಗಂಟೆ ಯಾರೋ ಒಬ್ರು ನನ್ನ ಮುಂದೆ ನಿಂತಿರ್ತಾರೆ. ಅಷ್ಟೇ ಕಣಮ್ಮ." ಎಡಗೈಯಲ್ಲಿ ಮುಖ ಒರೆಸಿಕೊಂಡರು. "ಓಗು. ನಾಳೆ ಓಗಿ ಸೇರ್ಕೋ. ಮಧ್ಯಾನದ್ದು ಬೇಡ ಬುಡು."

ನಾನು ಅವರ ಕಾಲು ಹಿಡಿದು ಅತ್ತೆ. ಅತ್ತದ್ದು ಪಶ್ಚಾತ್ತಾಪಕ್ಕೋ ಸಂತೋಷಕ್ಕೋ ದೇವರಿಗೇ ಗೊತ್ತು. ಅವತ್ತು ಸಂಜೆ ಸೀರೆಗೆ ಇಸ್ತ್ರಿ ಮಾಡಿದೆ. ಸರ್ಟಿಫಿಕೇಟುಗಳನ್ನು ಚೀಲಕ್ಕೆ ಹಾಕಿದೆ. ಸೋಡಾ ಅಂಗಡಿಯವನು ಹೊಟ್ಟಿನ ಬಕೆಟ್ಟಿನಲ್ಲಿ ಒಂದು ದೊಡ್ಡ ತುಂಡು ಐಸು ತಂದಿಟ್ಟುಹೋದ. ಮಾವ ಹೇಳಿಕಳಿಸಿದ್ದರಂತೆ. ಯಾಕೆ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಂಡ ಶಿಫ್ಟಿಗೆ ಹೋದ ಮೇಲೆ ಸ್ನಾನ ಮಾಡಿ, ಸೀರೆ ಉಟ್ಟು, ಮುದ್ದೆ ಸಾರು ಮಾಡಿ ಮುಚ್ಚಿಟ್ಟೆ. ಹೊರಡುವ ಆತುರದಲ್ಲಿ ನಾನೇನೂ ತಿನ್ನಲಿಲ್ಲ. ಚೀಲ ಎತ್ತಿಕೊಳ್ಳಲು ಬಂದರೆ ಮಾವ ಎದ್ದು ನಿಂತಿದ್ದರು. ಬಿಳಿ ಅಂಗಿ ಹಾಕಿಕೊಂಡಿದ್ದರು. ಗುಂಡಿಗಳು ಅಡ್ಡಾದಿಡ್ಡಿ. ಎಡಗೈಯಿಂದ ತಮ್ಮ ಕುರ್ಚಿ ತೋರಿಸಿದರು.

"ಕುಂತ್ಕೋ."

"ಮಾವ, ರೈಲು..."

"ರೈಲು ಇನ್ನೂ ಐತೆ. ಕುಂತ್ಕೋಮ್ಮ. ಎರಡು ವರ್ಸ ನೀನು ನಿಂತಿದ್ದೆ."

ಕೂತೆ. ಕೂರದೆ ಇರಲು ಆಗುತ್ತಿತ್ತೇ? ಅವರು ಅಡುಗೆಮನೆಯ ನೆಲದ ಮೇಲೆ ಕೂತು, ಜಗ್ಗನ್ನು ಎರಡು ಮೊಣಕಾಲುಗಳ ನಡುವೆ ಅದುಮಿಕೊಂಡು, ಎಡಗೈಯಲ್ಲಿ ಐಸು ಒರೆಸಿ ಒಂದೊಂದಾಗಿ ಹಾಕಿದರು. ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲಿ ತಿರುಗಿಸಿದರು. ವರ್ಮತ್ ಆಡಿಸಿ ಚೆಲ್ಲಿದರು. ತೊಳಸಿದರು. ಬಾಯಲ್ಲಿ ಎಣಿಸುತ್ತಿದ್ದರು. ಐಸು ಒಂದು ಸಲವೂ ಸದ್ದು ಮಾಡಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ, ಅವರ ಬೆನ್ನು ನೋಡುತ್ತಿದ್ದೆ. ದೂರದಲ್ಲಿ ರೈಲು ಕೂಗಿತು. ಸ್ಟೇಷನ್ನಿಗೆ ಬಂತು, ನಿಂತಿತು, ಹೊರಟೂ ಹೋಯಿತು. ಹೋಗಲಿ, ಬಸ್ಸಿದೆಯಲ್ಲ, ಹತ್ತು ಗಂಟೆಯೊಳಗೆ ಮೂರು ಬಸ್ಸಿವೆ ಎಂದುಕೊಂಡೆ.

ಅವರು ಎದ್ದು, ಗ್ಲಾಸಿನ ಕಾಲನ್ನು ಎಡಗೈಯಲ್ಲಿ ಹಿಡಿದು, ಒಂದು ಕಾಲು ಎಳೆಯುತ್ತ ಬಂದರು. ಸ್ವಲ್ಪ ಚೆಲ್ಲಿತು. ನನ್ನ ಬಲಗಡೆಯಿಂದ ಇಟ್ಟರು. ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ತಗ್ಗಿಸಿ ನಿಂತರು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಕೂರಿಸಿ, ಅಷ್ಟು ಮರ್ಯಾದೆಯಿಂದ ಒಂದು ಲೋಟ ನೀರನ್ನೂ ಕೊಟ್ಟವರಲ್ಲ. ಬೇಡ ಎಂದು ಹೇಗೆ ಹೇಳಲಿ? ಎತ್ತಿ ಕುಡಿದೆ. ತುಟಿಗೆ ತಣ್ಣಗೆ, ಗಂಟಲಿಗೆ ಬೆಂಕಿ. ಕಣ್ಣಲ್ಲಿ ನೀರು ಬಂತು. ನಿಲ್ಲಿಸಿದರೆ ಅವರಿಗೆ ಬೇಜಾರಾಗುತ್ತದೆಂದು ಪೂರ್ತಿ ಕುಡಿದು, ಕವಳೆಕಾಯಿಯನ್ನೂ ತಿಂದೆ.

ಕಾಲಿಗೆ ಬಿದ್ದು, ಚೀಲ ಹಿಡಿದು ಹೊರಟೆ. ಬಾಗಿಲ ಆಚೆ ನಲ್ಲಿಯ ಹತ್ತಿರ ಪಕ್ಕದ ಮನೆಯ ಅಕ್ಕ ಕೊಡ ಹಿಡಿದು ನಿಂತಿದ್ದಳು. "ಕೆಲ್ಸಕ್ಕಾ?" ಎಂದು ನಗುತ್ತ ಹತ್ತಿರ ಬಂದವಳು, ಮೂಗು ಮುಚ್ಚಿಕೊಂಡು ನಿಂತುಬಿಟ್ಟಳು.

"ಅಯ್ಯಯ್ಯೋ, ಏನಿದು ವಾಸನೆ? ನೀ ಕುಡಿಚ್ಚಿಟ್ಟಿಯಾ?"

ಆಗ ತಿಳಿಯಿತು. ಬೆಳಗ್ಗೆ ಎಂಟು ಗಂಟೆಗೆ ಜಿನ್ ನಾರುವ ಬಾಯಿಯಲ್ಲಿ, ಬಸ್ಸು ತುಂಬ ಜನರ ನಡುವೆ ನಿಂತು ಹೋಗಿ, ಸರ್ಕಾರಿ ಆಫೀಸಿನಲ್ಲಿ ಸಾಹೇಬರ ಮುಂದೆ ನಿಂತು, ನಾನು ಹೊಸ ಆಪರೇಟರ್ ಸಾರ್ ಎನ್ನಬೇಕು. ಹೆಂಗಸು! ತಿರುಗಿ ಒಳಗೆ ಓಡಿದೆ. ಏಲಕ್ಕಿ ಜಗಿದೆ, ಸೀಬೆ ಎಲೆ ಜಗಿದೆ, ಉಪ್ಪಿನಲ್ಲಿ ಬಾಯಿ ಉಜ್ಜಿದೆ. ಅಷ್ಟರಲ್ಲಿ ಗೋಡೆಗಳು ವಾಲತೊಡಗಿದವು. ಹಿತ್ತಲಿಗೆ ಹೋಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡೆ. ಇಸ್ತ್ರಿ ಸೀರೆಯ ಮೇಲೂ ಬಿತ್ತು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ವಾಸ್ನೆ ಮಾವ, ಬಾಯೆಲ್ಲ ವಾಸ್ನೆ!" ಎಂದು ಕೂಗಿದೆ.

"ಔದಾ? ನಂಗೆ ಗೊತ್ತಾಗಲ್ವಲ್ಲಮ್ಮ" ಎಂದರು.

ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ಮೂವತ್ತೊಂದು ವರ್ಷ ಬಾರಿನ ಹಿಂದೆ ನಿಂತವರಿಗೆ ಕುಡಿದವರ ಬಾಯಿ ನಾರುತ್ತದೆ ಎಂದು ಮರೆತುಹೋಗುತ್ತದೆಯೇ? ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ದಿನ ಮರೆತಿದ್ದರು ಎನ್ನಿಸುತ್ತದೆ. ಇನ್ನೊಂದು ದಿನ ಆ ಮುದುಕನ ಮೇಲೆ ಎಲ್ಲಿಲ್ಲದ ಕೋಪ ಬರುತ್ತದೆ. ಕೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಗೊತ್ತಿತ್ತು ಎಂದುಬಿಟ್ಟರೆ ಆಮೇಲೆ ಆ ಮನೆಯಲ್ಲಿ ಇರುವುದು ಹೇಗೆ ಎಂದು ಹೆದರಿ ಸುಮ್ಮನಾದೆ. ಅವರು ಹೋಗುವವರೆಗೂ ಕೇಳಲಿಲ್ಲ.

ಚಾಪೆಯ ಮೇಲೆ ಬಿದ್ದದ್ದಷ್ಟೇ ನೆನಪು. ಎಚ್ಚರವಾದಾಗ ತಗಡಿನ ಸೂರು ಕಾದು ಮನೆ ಒಲೆಯಂತಾಗಿತ್ತು. ಗಡಿಯಾರದಲ್ಲಿ ಮೂರು ಗಂಟೆ. ಪಟ್ಟಿಯಲ್ಲಿ ನನ್ನ ಮುಂದಿನವಳು ಯಾರೋ ಅವಳಿಗೆ ಇಷ್ಟು ಹೊತ್ತಿಗೆ ನನ್ನ ಕೆಲಸ ಹೋಗಿರುತ್ತದೆ ಎಂದು ಮಲಗಿದ್ದಲ್ಲೇ ಲೆಕ್ಕ ಹಾಕಿದೆ. ತಲೆ ಸಿಡಿಯುತ್ತಿತ್ತು. ಎದ್ದು ಹೊರಕೋಣೆಗೆ ಬಂದೆ. ಮುದ್ದೆ ಸಾರು ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಮಾವ ಕುರ್ಚಿಯಲ್ಲಿ ಕೂತಿದ್ದರು, ಅದೇ ಬಿಳಿ ಅಂಗಿಯಲ್ಲಿ. ಬೆಳಿಗ್ಗೆ ನಾನು ಕುಡಿದಿಟ್ಟ ಗ್ಲಾಸನ್ನು ಅವರೇ ತೊಳೆದು, ಒರೆಸಿ, ಮುಂದಿನ ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದರು.

"ಇವತ್ತು ರವಷ್ಟು ತಡ ಆಯ್ತಲ್ಲಮ್ಮ" ಎಂದರು.

ನಾನು ಬಕೆಟ್ಟಿನ ಹೊಟ್ಟಿನೊಳಗೆ ಕೈ ಹಾಕಿ, ಉಳಿದಿದ್ದ ಐಸು ತೆಗೆದು ತೊಳೆದೆ. ನೀರಲ್ಲ, ಜಿನ್ನೇ ಹಾಕಿದೆ.